ಮೊದಲ ಹತ್ತರಿ: ಬಡಗಿ ಕೆಲಸ ಕಲಿಯುವವರು ಯಾವುದನ್ನು ಕೊಳ್ಳಬೇಕು?

ದಾಂಡೇಲಿ: ಬಡಗಿಯ ಸಲಕರಣೆಗಳಲ್ಲಿ ಗರಗಸ ಮರವನ್ನು ಸೀಳುತ್ತದೆ, ಉಳಿ ಮರವನ್ನು ಕೊರೆಯುತ್ತದೆ. ಸೀಳಿದ ಹಲಗೆಯನ್ನು ಸಮತಟ್ಟುಗೊಳಿಸಿ, ಅಂಚನ್ನು ನೇರಗೊಳಿಸಿ, ಮೈಯನ್ನು ನಯಗೊಳಿಸುವ ಹೊಣೆ ಮಾತ್ರ ಹತ್ತರಿಯದು. ಕೀಸುಳಿ, ತೋಪಡ ಎಂದೂ ಇದಕ್ಕೆ ಹೆಸರುಂಟು. ಮರಾಠಿ, ಕೊಂಕಣಿ ಬಲ್ಲ ಬಡಗಿಗಳು ರಂಧಾ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸದ ತತ್ತ್ವ ಒಂದೇ. ಗಟ್ಟಿಯಾದ ಒಡಲಿನಲ್ಲಿ ಓರೆಯಾಗಿ ಕೂರಿಸಿದ ಅಲಗು, ತಳದ ಬಾಯಿಯಿಂದ ಕೂದಲೆಳೆಯಷ್ಟು ಹೊರಗೆ ಚಾಚಿ, ಮರದ ಉಬ್ಬುಗಳನ್ನು ಸಿಪ್ಪೆಯಾಗಿ ಎತ್ತಿಹಾಕುತ್ತದೆ. ರೋಮನ್ನರ ಕಾಲದ ಹತ್ತರಿಗಳು ಪೊಂಪೆ ನಗರದ ಅವಶೇಷಗಳಲ್ಲಿ ದೊರೆತಿವೆ. ಎರಡು ಸಾವಿರ ವರ್ಷಗಳಲ್ಲಿ ಅದರ ಮೂಲರೂಪ ಹೆಚ್ಚು ಬದಲಾಗಿಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯ ಮರದ ಸೀಮೆ. ದಾಂಡೇಲಿಯ ಸರ್ಕಾರಿ ನಾಟಾ ಡಿಪೋ ತೇಗಕ್ಕೆ ಹೆಸರಾಗಿದೆ. ಬಾಗಿಲು, ಕಿಟಕಿ, ಮಂಚ, ಕಪಾಟುಗಳ ಕೆಲಸವನ್ನು ನಂಬಿ ಬದುಕುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಹೊಸದಾಗಿ ಈ ವೃತ್ತಿಗೆ ಬರುವ ಯುವಕರು ಎದುರಿಸುವ ಮೊದಲ ಪ್ರಶ್ನೆಗಳಲ್ಲಿ ಒಂದು: ಒಂದೇ ಹತ್ತರಿ ಕೊಳ್ಳುವಷ್ಟು ಹಣವಿದ್ದರೆ ಯಾವುದನ್ನು ಕೊಳ್ಳಬೇಕು?

ಆಯ್ಕೆ ತಪ್ಪಿದರೆ ಆಗುವ ನಷ್ಟ

ಈ ಪ್ರಶ್ನೆ ಸಣ್ಣದಲ್ಲ. ನೈಸರ್ಗಿಕ ಕಾಡಿನಲ್ಲಿ ಹಸಿ ಮರ ಕಡಿಯುವುದು ನಿಂತು ದಶಕಗಳೇ ಸಂದಿವೆ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಬಂದಿತು. ಡಿಪೋಗಳಿಗೆ ಬರುವುದು ಹೆಚ್ಚಾಗಿ ನೆಡುತೋಪಿನ ತೇಗ ಹಾಗೂ ಬಿದ್ದ, ಒಣಗಿದ ಮರ. ಹೀಗಾಗಿ ಒಳ್ಳೆಯ ತೇಗದ ಹಲಗೆ ಬಡಗಿಯ ಕೈಯಲ್ಲಿರುವ ಅತ್ಯಂತ ದುಬಾರಿ ವಸ್ತು. ಮೊಂಡಾದ ಅಥವಾ ಸರಿಯಾಗಿ ಕೂರದ ಅಲಗು ಎಳೆಗೆ ಎದುರಾಗಿ ಓಡಿ ಹಲಗೆಯ ಮೈಯನ್ನು ಕಿತ್ತರೆ, ಆ ಕುಳಿ ಮಾಯಲು ಇಡೀ ಹಲಗೆಯನ್ನೇ ತೆಳುಗೊಳಿಸಬೇಕಾಗುತ್ತದೆ. ಬಾಗಿಲಿನ ಚೌಕಟ್ಟಿಗೆ ಅಳತೆ ಮಾಡಿ ತಂದ ಮರ ಅಳತೆಗೆ ಸಾಲದಾಗುತ್ತದೆ. ಆ ನಷ್ಟ ಬಹುಪಾಲು ಕಲಿಯುವವನ ಕೂಲಿಯಿಂದಲೇ ಹೋಗುತ್ತದೆ.

ವಿದ್ಯುತ್ ಹತ್ತರಿ ಇರುವಾಗ ಕೈ ಹತ್ತರಿ ಏಕೆ ಎಂದು ಕೇಳುವವರುಂಟು. ಒರಟು ಹಲಗೆಯನ್ನು ಬೇಗ ತೆಳುಗೊಳಿಸಲು ಯಂತ್ರವೇ ಲೇಸು. ಆದರೆ ತಿರುಗುವ ಅಲಗು ಮರದ ಮೇಲೆ ಅಲೆಯಂಥ ಗೆರೆಗಳನ್ನು ಬಿಡುತ್ತದೆ. ಕೂರಿಸಿದ ಬಾಗಿಲಿನ ಅಂಚನ್ನು ಕಾಗದದ ದಪ್ಪದಷ್ಟು ಮಾತ್ರ ಇಳಿಸುವ ನಾಜೂಕು ಅದಕ್ಕೆ ಕಷ್ಟ. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಒಳನಾಡಿನ ಹಳ್ಳಿಗಳಲ್ಲಿ ಯಂತ್ರವನ್ನೇ ನಂಬಿದವನ ಕೆಲಸ ನಿಲ್ಲುತ್ತದೆ. ಆರೋಗ್ಯದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಉಜ್ಜುವ ಯಂತ್ರ ನುಣ್ಣನೆಯ ದೂಳು ಎಬ್ಬಿಸಿದರೆ, ಹರಿತವಾದ ಕೈ ಹತ್ತರಿ ಸುರುಳಿ ಸಿಪ್ಪೆಯನ್ನು ಕೆಳಗೆ ಬೀಳಿಸುತ್ತದೆ.

ಮರದ ಒಡಲು, ಕಬ್ಬಿಣದ ಒಡಲು

ಮಾರುಕಟ್ಟೆಯಲ್ಲಿ ಎರಡು ಬಗೆಯ ಹತ್ತರಿಗಳು ದೊರೆಯುತ್ತವೆ.

ಮರದ ಹತ್ತರಿ ಹಳೆಯ ಪದ್ಧತಿಯದು. ಗಟ್ಟಿ ಮರದ ತುಂಡಿನಲ್ಲಿ ಬಾಯಿ ಕೊರೆದು, ಅಲಗನ್ನು ಬೆಣೆಯಿಂದ ಬಿಗಿಯಲಾಗುತ್ತದೆ. ಅಲಗಿನ ತಲೆಗೆ ಮೆಲ್ಲನೆ ತಟ್ಟಿದರೆ ಅದು ಕೆಳಗಿಳಿಯುತ್ತದೆ, ಒಡಲಿನ ಹಿಂಬದಿಗೆ ತಟ್ಟಿದರೆ ಮೇಲೇರುತ್ತದೆ. ಹಗುರ, ಅಗ್ಗ; ಕೈತಪ್ಪಿ ಬಿದ್ದರೂ ಒಡೆಯುವುದು ಅಪರೂಪ; ಅಲಗು ದಪ್ಪವಾಗಿರುವುದರಿಂದ ಅದುರುವುದಿಲ್ಲ. ಕೈಪಳಗಿದ ಬಡಗಿ ತಾನೇ ಒಡಲನ್ನು ಮಾಡಿಕೊಳ್ಳಬಲ್ಲ. ಆದರೆ ಹವೆಯ ತೇವಕ್ಕೆ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕ್ಯಾಸಲ್‌ರಾಕ್ ಸೇರಿದಂತೆ ಜೋಯಿಡಾ ತಾಲ್ಲೂಕಿನ ಘಟ್ಟದ ಭಾಗ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲೊಂದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ತಳ ಸೊಟ್ಟಗಾಗುವುದು, ಬೆಣೆ ಕಚ್ಚಿಕೊಳ್ಳುವುದು ಸಾಮಾನ್ಯ. ಮಳೆಗಾಲದ ಆರಂಭದಲ್ಲಿ ಒಮ್ಮೆ, ಮುಗಿದ ಮೇಲೆ ಒಮ್ಮೆ ತಳವನ್ನು ಮಟ್ಟಗೊಳಿಸಬೇಕಾಗುತ್ತದೆ.

ಕಬ್ಬಿಣದ ಹತ್ತರಿಯ ಇಂದಿನ ರೂಪಕ್ಕೆ ಅಮೆರಿಕದ ಲೆನಾರ್ಡ್ ಬೈಲಿ ಎಂಬಾತನ 19ನೇ ಶತಮಾನದ ಆವಿಷ್ಕಾರಗಳೇ ಮೂಲ. ಸ್ಟಾನ್ಲಿ ಕಂಪನಿಯು 1869ರಲ್ಲಿ ಅವುಗಳ ಹಕ್ಕನ್ನು ಪಡೆಯಿತು. ಹಿತ್ತಾಳೆಯ ತಿರುಪು ತಿರುಗಿಸಿ ಅಲಗಿನ ಆಳವನ್ನೂ, ಪಕ್ಕದ ಸನ್ನೆಯಿಂದ ಅಲಗಿನ ಓರೆಯನ್ನೂ ಸರಿಪಡಿಸಬಹುದು. ಹೊಸಬನಿಗೆ ಇದು ದೊಡ್ಡ ಅನುಕೂಲ. ಹವೆ ಬದಲಾದರೂ ತಳ ಬಾಗುವುದಿಲ್ಲ. ಎರಡು ದೋಷಗಳುಂಟು. ಎರಕದ ಕಬ್ಬಿಣವಾದ್ದರಿಂದ ನೆಲಕ್ಕೆ ಬಿದ್ದರೆ ಬಿರಿಯುತ್ತದೆ, ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಮೊದಲನೆಯದಕ್ಕೆ ಎಚ್ಚರವೇ ಮದ್ದು, ಎರಡನೆಯದಕ್ಕೆ ಎಣ್ಣೆ ಬಟ್ಟೆ.

ಹತ್ತಿರದಲ್ಲಿ ನುರಿತ ಮೇಸ್ತ್ರಿ ಇದ್ದು, ಬೆಣೆ ತಟ್ಟುವ ಹದವನ್ನು ಕೈಹಿಡಿದು ಕಲಿಸುವುದಾದರೆ ಮರದ ಹತ್ತರಿಯಿಂದ ಆರಂಭಿಸಬಹುದು. ತಾನೇ ಕಲಿಯಬೇಕಾದವನಿಗೆ ಕಬ್ಬಿಣದ ಒಡಲೇ ಸೂಕ್ತ.

ಉದ್ದ ಏಕೆ ಮುಖ್ಯ?

ಕಬ್ಬಿಣದ ಹತ್ತರಿಗಳನ್ನು ಸ್ಟಾನ್ಲಿಯವರ ಸಂಖ್ಯಾಕ್ರಮದಿಂದಲೇ ಜಗತ್ತಿನಾದ್ಯಂತ ಗುರುತಿಸಲಾಗುತ್ತದೆ. ಅನಂತ್, ಗ್ರೋಜ್ ಮೊದಲಾದ ಭಾರತೀಯ ತಯಾರಕರೂ ಇದೇ ಕ್ರಮವನ್ನು ಅನುಸರಿಸುತ್ತಾರೆ. ಹೊಸಬರು ಅರಿಯಬೇಕಾದವು ನಾಲ್ಕು.

4ನೇ ನಂಬರ್: ಸುಮಾರು 9ರಿಂದ 10 ಅಂಗುಲ ಉದ್ದ, 2 ಅಂಗುಲ ಅಗಲದ ಅಲಗು. ಕೊನೆಯ ನಯಗಾರಿಕೆಗೆ ಇದು.

5ನೇ ನಂಬರ್: ಸುಮಾರು 14 ಅಂಗುಲ ಉದ್ದ, ಅಲಗು 2 ಅಂಗುಲವೇ. ಜ್ಯಾಕ್ ಪ್ಲೇನ್ ಎಂದು ಅಂಗಡಿಗಳಲ್ಲಿ ಕೇಳಿದರೆ ಸಿಗುವುದು ಇದು.

7ನೇ ನಂಬರ್: ಸುಮಾರು 22 ಅಂಗುಲ. ಉದ್ದನೆಯ ಅಂಚುಗಳನ್ನು ನೇರಗೊಳಿಸಿ, ಎರಡು ಹಲಗೆಗಳನ್ನು ಅಂಟಿನಿಂದ ಕೂಡಿಸಲು ಬೇಕು.

ಬ್ಲಾಕ್ ಪ್ಲೇನ್: 6ರಿಂದ 7 ಅಂಗುಲ. ಒಂದೇ ಕೈಯಲ್ಲಿ ಹಿಡಿದು ಮೂಲೆ, ತುದಿ, ಸಂದುಗಳನ್ನು ಸರಿಪಡಿಸಲು ಉಪಯುಕ್ತ.

ಉದ್ದದ ಗುಟ್ಟು ಸರಳ. ಹಲಗೆಯಲ್ಲಿ ತಗ್ಗು ದಿಣ್ಣೆಗಳಿದ್ದಾಗ ಗಿಡ್ಡ ಹತ್ತರಿ ತಗ್ಗಿನೊಳಗೂ ಇಳಿದು, ದಿಣ್ಣೆಯನ್ನೂ ಹತ್ತಿ, ಎರಡನ್ನೂ ಸಮನಾಗಿ ಸವೆಸುತ್ತದೆ. ಮೈ ನುಣ್ಣಗಾದರೂ ಸೊಟ್ಟ ಉಳಿಯುತ್ತದೆ. ಉದ್ದನೆಯ ತಳ ದಿಣ್ಣೆಯಿಂದ ದಿಣ್ಣೆಗೆ ಸೇತುವೆಯಂತೆ ನಿಲ್ಲುವುದರಿಂದ ದಿಣ್ಣೆಗಳಷ್ಟೇ ಕತ್ತರಿಸುತ್ತವೆ, ತಗ್ಗುಗಳಿಗೆ ಅಲಗು ಮುಟ್ಟುವುದಿಲ್ಲ. ಅಲಗು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮುರಿಯದ ಸಿಪ್ಪೆ ಎತ್ತಿದಾಗ ಹಲಗೆ ನೇರವಾಗಿದೆ ಎಂದು ತಿಳಿಯಬಹುದು.

ಒಂದೇ ಹತ್ತರಿಯಾದರೆ 5ನೇ ನಂಬರ್

ಈ ಭಾಗದ ಬಡಗಿಯ ಕೈಗೆ ಬರುವುದು ಗರಗಸದ ಮಿಲ್ಲಿನಿಂದ ಬಂದ ಒರಟು ಮರ. ಕೆಲಸವೋ ಬಾಗಿಲು ಚೌಕಟ್ಟು, ಕಿಟಕಿ, ಮಂಚದ ಕಾಲು, ಬೆಂಚು. ಒರಟನ್ನು ತೆಗೆಯಬೇಕು, ನೇರಗೊಳಿಸಬೇಕು, ಕೊನೆಗೆ ತಕ್ಕಮಟ್ಟಿಗೆ ನಯವನ್ನೂ ತರಬೇಕು. ಈ ಮೂರನ್ನೂ ಒಂದೇ ಸಲಕರಣೆಯಿಂದ ಸಾಧಿಸಲು 5ನೇ ನಂಬರ್ ಹತ್ತರಿಯೇ ಯೋಗ್ಯ. ಎರಡು ಅಲಗುಗಳಿದ್ದರೆ ಇನ್ನೂ ಒಳಿತು. ಒಂದರ ಬಾಯಿಯನ್ನು ಕೊಂಚ ಬಿಲ್ಲಿನಂತೆ ದುಂಡಾಗಿ ಮಸೆದು ಒರಟು ಕೆಲಸಕ್ಕೆ, ಇನ್ನೊಂದನ್ನು ನೇರವಾಗಿ ಮಸೆದು ಮೂಲೆಗಳನ್ನು ಮಾತ್ರ ತುಸು ಇಳಿಸಿ ನಯಗಾರಿಕೆಗೆ ಇಟ್ಟುಕೊಳ್ಳಬಹುದು.

ಇದಕ್ಕೆ ಅಪವಾದವೂ ಇದೆ. ಮನೆಯ ಪೀಠೋಪಕರಣ ದುರಸ್ತಿ, ಸಣ್ಣ ಪೆಟ್ಟಿಗೆ, ಮಣೆಗಳಂಥ ಕೆಲಸವನ್ನಷ್ಟೇ ಹವ್ಯಾಸವಾಗಿ ಮಾಡುವವರಿಗೆ, ಕೈಯಲ್ಲಿ ಬಲ ಕಡಿಮೆ ಇರುವವರಿಗೆ 4ನೇ ನಂಬರ್ ಸಾಕು. ಪ್ಲೈವುಡ್ ಕೆಲಸವೇ ಹೆಚ್ಚಾಗಿರುವವರು ಬ್ಲಾಕ್ ಪ್ಲೇನ್ ಕೊಳ್ಳಬಹುದು. ಪ್ಲೈವುಡ್ಡಿನ ಅಂಟು ಅಲಗನ್ನು ಬೇಗ ಮೊಂಡಾಗಿಸುವುದರಿಂದ, ಒಳ್ಳೆಯ ಹತ್ತರಿಯ ಅಲಗನ್ನು ಅದಕ್ಕೆ ತಾಗಿಸದಿರುವುದು ಲೇಸು. 7ನೇ ನಂಬರ್ ಮೊದಲ ಖರೀದಿಗೆ ಸಲ್ಲದು. ಅದು ಭಾರ, ದುಬಾರಿ. ಚಿಕ್ಕ ಕೆಲಸಗಳಿಗೆ ಒಗ್ಗುವುದಿಲ್ಲ.

ಇಲ್ಲಿಯ ಮರಗಳ ಗುಣ

ತೇಗ ಹತ್ತರಿಗೆ ಒಗ್ಗುವ ಮರ. ಎಳೆ ಬಹುಮಟ್ಟಿಗೆ ನೇರ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಆದರೆ ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ತೇಗದಲ್ಲಿ ಕೆಲಸ ಮಾಡುವವನು ಪದೇ ಪದೇ ಮಸೆಯುವ ಅಭ್ಯಾಸ ಇಟ್ಟುಕೊಳ್ಳಬೇಕು.

ಮತ್ತಿ, ಬೀಟೆ ಮರಗಳಲ್ಲಿ ಎಳೆಗಳು ಒಂದು ಪದರದಲ್ಲಿ ಒಂದು ಕಡೆಗೆ, ಮುಂದಿನ ಪದರದಲ್ಲಿ ಇನ್ನೊಂದು ಕಡೆಗೆ ಹೆಣೆದುಕೊಂಡಿರುತ್ತವೆ. ಯಾವ ದಿಕ್ಕಿನಿಂದ ಹತ್ತರಿ ಹಾಕಿದರೂ ಒಂದು ಪಟ್ಟಿ ನಯವಾಗಿ, ಪಕ್ಕದ ಪಟ್ಟಿ ಕಿತ್ತು ಬರುತ್ತದೆ. ಜಂಬೆ ಬಹು ಗಟ್ಟಿ, ಭಾರ. ತೆಳು ಅಲಗು ಅದುರಿ ಮೈಮೇಲೆ ಗೆರೆ ಬೀಳುತ್ತದೆ. ಹೊನ್ನೆ, ನಂದಿ ಮರಗಳು ತೇಗಕ್ಕಿಂತ ಗಟ್ಟಿಯಾದರೂ ಹರಿತವಾದ ಅಲಗಿಗೆ ಮಣಿಯುತ್ತವೆ. ಹಲಸು ಮೃದು, ಕಲಿಯುವವರಿಗೆ ಒಳ್ಳೆಯದು. ಜಿಲ್ಲೆಯಲ್ಲಿ ಹೇರಳವಾಗಿ ನೆಟ್ಟಿರುವ ಅಕೇಶಿಯಾ ಅಗ್ಗವಾಗಿ ಸಿಗುವುದರಿಂದ ಅಭ್ಯಾಸಕ್ಕೆ ಬಳಸಬಹುದು. ಗಂಟುಗಳ ಬಳಿ ಮಾತ್ರ ಎಚ್ಚರ ಬೇಕು.

ಎಳೆ ಹೆಣೆದ ಮರಕ್ಕೆ ಮದ್ದು ಅಲಗಿನ ಮೇಲಿನ ತಗಡು. ಕಬ್ಬಿಣದ ಹತ್ತರಿಯಲ್ಲಿ ಅಲಗಿನ ಬೆನ್ನಿಗೆ ಸ್ಕ್ರೂನಿಂದ ಬಿಗಿದ ಈ ಬಾಗಿದ ತಗಡು, ಏಳುವ ಸಿಪ್ಪೆಯನ್ನು ತಕ್ಷಣ ಮಡಚಿ ಮುರಿಯುತ್ತದೆ. ಮುರಿದ ಸಿಪ್ಪೆ ಮುಂದಿನ ಎಳೆಯನ್ನು ಕೀಳಲಾರದು. ಸಾಮಾನ್ಯ ಕೆಲಸಕ್ಕೆ ತಗಡಿನ ಅಂಚು ಅಲಗಿನ ತುದಿಯಿಂದ 1ರಿಂದ 1.5 ಮಿಲಿಮೀಟರ್ ಹಿಂದೆ ಇರಬಹುದು. ಮತ್ತಿ, ಬೀಟೆಗಳಿಗೆ ಅದನ್ನು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆಗೆ ತಂದು, ಸಿಪ್ಪೆಯನ್ನು ತೀರ ತೆಳ್ಳಗೆ ತೆಗೆಯಬೇಕು. ತಗಡಿಗೂ ಅಲಗಿಗೂ ನಡುವೆ ಬೆಳಕು ಕಾಣುವಂತಿದ್ದರೆ ಸಿಪ್ಪೆ ಸಿಕ್ಕಿಕೊಳ್ಳುತ್ತದೆ. ತಗಡಿನ ಅಂಚನ್ನು ಕಲ್ಲಿನ ಮೇಲೆ ಉಜ್ಜಿ ಸರಿಯಾಗಿ ಕೂಡುವಂತೆ ಮಾಡಬೇಕು.

ಅಂಗಡಿಯಲ್ಲಿ ನೋಡಬೇಕಾದದ್ದು

ಹೊಸ ಹತ್ತರಿ ಕೊಳ್ಳುವಾಗ ಒಂದು ಉಕ್ಕಿನ ಅಳತೆಪಟ್ಟಿ ಜತೆಯಲ್ಲಿರಲಿ. ಅಲಗನ್ನು ಮೇಲೆತ್ತಿ, ತಳವನ್ನು ಬೆಳಕಿಗೆ ಹಿಡಿದು, ಅಳತೆಪಟ್ಟಿಯ ಅಂಚನ್ನು ಉದ್ದಕ್ಕೂ ಓರೆಯಾಗಿಯೂ ಇಡಬೇಕು. ಮುಂತುದಿ, ಬಾಯಿಯ ಸುತ್ತ, ಹಿಂತುದಿ, ಈ ಮೂರು ಕಡೆ ಪಟ್ಟಿ ತಾಗಿದರೆ ಸಾಕು. ನಡುವೆ ಕೂದಲಿನಷ್ಟು ತಗ್ಗಿದ್ದರೆ ಕೆಲಸ ಕೆಡುವುದಿಲ್ಲ. ಬಾಯಿಯ ಬಳಿ ತಗ್ಗಿದ್ದರೆ ಅಥವಾ ತಳ ತಿರುಚಿದ್ದರೆ ಬೇರೆಯದನ್ನು ಕೇಳಬೇಕು. ಆಳದ ತಿರುಪು ಸರಾಗವಾಗಿ ತಿರುಗಬೇಕು. ಅಲಗು ಕೂರುವ ಓರೆ ಪೀಠ ಅಲುಗಾಡಬಾರದು. ಹಿಡಿ ಅಂಗೈಗೆ ಒಪ್ಪಬೇಕು, ಬಿರುಕು ಇರಬಾರದು.

ಹಳೆಯ ಹತ್ತರಿ ಅಗ್ಗಕ್ಕೆ ಸಿಕ್ಕರೆ ಬಿಡಬೇಕಿಲ್ಲ. ಮೇಲಿನ ತುಕ್ಕು ದೋಷವಲ್ಲ, ಉಜ್ಜಿದರೆ ಹೋಗುತ್ತದೆ. ಬಾಯಿಯ ಎರಡೂ ಮೂಲೆಗಳಲ್ಲಿ ಬಿರುಕು, ಬೆಸುಗೆ ಹಾಕಿದ ಗುರುತು ಇದ್ದರೆ ಮಾತ್ರ ಮುಟ್ಟಬಾರದು. ಅಲಗನ್ನು ಹೊರತೆಗೆದು, ನಡುವಿನ ಸೀಳಿನಿಂದ ಬಾಯಿಯವರೆಗೆ ಎಷ್ಟು ಉಕ್ಕು ಉಳಿದಿದೆ ಎಂದು ನೋಡಬೇಕು. ಅಲಗಿನ ಚಪ್ಪಟೆ ಮೈಯಲ್ಲಿ ತುದಿಯ ಹತ್ತಿರವೇ ತುಕ್ಕಿನ ಕುಳಿಗಳಿದ್ದರೆ ಆ ಅಲಗು ಎಂದೂ ಹರಿತವಾಗದು. ಆಗ ಹೊಸ ಅಲಗಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಮಸೆಯುವ ಕಲ್ಲಿಗೆ ಹಣ ಉಳಿಸಿರಿ

ಇದ್ದ ಹಣವನ್ನೆಲ್ಲ ಹತ್ತರಿಗೇ ಸುರಿದು ಮಸೆಯುವ ಕಲ್ಲನ್ನು ಮರೆಯುವುದು ಹೊಸಬರ ಸಾಮಾನ್ಯ ತಪ್ಪು. ಅಂಗಡಿಯಿಂದ ಬಂದ ಅಲಗು ಸಾಮಾನ್ಯವಾಗಿ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಮೊದಲು ಅದರ ಚಪ್ಪಟೆ ಮೈಯ ತುದಿಭಾಗವನ್ನು ಕಲ್ಲಿನ ಮೇಲೆ ಒತ್ತಿ ಹೊಳಪು ಬರುವವರೆಗೆ ಉಜ್ಜಬೇಕು. ಬಳಿಕ ಓರೆ ಮೈಯನ್ನು 25 ಡಿಗ್ರಿಗೆ ಸಾಣೆ ಹಿಡಿದು, ತುದಿಯನ್ನು ಮಾತ್ರ 30 ಡಿಗ್ರಿಗೆ ಮಸೆಯಬೇಕು. ಕೋನಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ. ಓರೆಯ ಅಗಲ ಅಲಗಿನ ದಪ್ಪದ ಎರಡೂವರೆ ಪಟ್ಟಿಗೆ ಕೊಂಚ ಕಡಿಮೆ ಇದ್ದರೆ ಅದು 25 ಡಿಗ್ರಿ. 2 ಮಿಲಿಮೀಟರ್ ದಪ್ಪದ ಅಲಗಿಗೆ ಓರೆ ಸುಮಾರು 4.7 ಮಿಲಿಮೀಟರ್, 4 ಮಿಲಿಮೀಟರ್ ದಪ್ಪದ ಅಲಗಿಗೆ ಸುಮಾರು 9.5 ಮಿಲಿಮೀಟರ್ ಬರುತ್ತದೆ.

ಒಂದು ಬದಿ ಒರಟು, ಇನ್ನೊಂದು ಬದಿ ನಯವಿರುವ ಕಾರ್ಬೊರಂಡಂ ಕಲ್ಲು ಆರಂಭಕ್ಕೆ ಸಾಕು. ಅದೂ ಇಲ್ಲವಾದರೆ ದಪ್ಪ ಗಾಜಿನ ಹಲಗೆಯ ಮೇಲೆ ನೀರು ತಾಳುವ ಉಪ್ಪುಕಾಗದವನ್ನು ಹರಡಿ, 220, 400, 1000 ನಂಬರಿನ ಕ್ರಮದಲ್ಲಿ ಮಸೆಯಬಹುದು. ಯಂತ್ರದ ಸಾಣೆಚಕ್ರದಲ್ಲಿ ಅಲಗಿನ ತುದಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಆಗಾಗ ನೀರಿಗೆ ಅದ್ದುತ್ತ ಸಾಣೆ ಹಿಡಿಯಬೇಕು.

ಬಳಸುವ ಕ್ರಮ

ಹಲಗೆಯ ಪಕ್ಕದ ಅಂಚನ್ನು ನೋಡಿ ಎಳೆಗಳು ಯಾವ ಕಡೆಗೆ ಏರುತ್ತವೆ ಎಂದು ತಿಳಿದು, ಏರುವ ಕಡೆಗೇ ಹತ್ತರಿ ಹಾಕಬೇಕು. ಆರಂಭದಲ್ಲಿ ಒತ್ತಡ ಮುಂಗೈಯ ಮೇಲೆ, ನಡುವೆ ಎರಡರ ಮೇಲೂ, ಕೊನೆಯಲ್ಲಿ ಹಿಂಗೈಯ ಮೇಲೆ ಇರಬೇಕು. ಹೀಗೆ ಮಾಡದಿದ್ದರೆ ಹಲಗೆಯ ಎರಡೂ ತುದಿಗಳು ಇಳಿದು ನಡು ಉಬ್ಬುತ್ತದೆ. ಅಲಗನ್ನು ಮೊದಲು ಪೂರ್ತಿ ಮೇಲೆತ್ತಿಟ್ಟು, ತಳ್ಳುತ್ತಲೇ ಸಿಪ್ಪೆ ಕಾಣುವವರೆಗೆ ಸ್ವಲ್ಪ ಸ್ವಲ್ಪವೇ ಇಳಿಸುವುದು ಸುರಕ್ಷಿತ. ತಳಕ್ಕೆ ಮೇಣದಬತ್ತಿಯನ್ನು ಒಂದೆರಡು ಗೆರೆ ಎಳೆದರೆ ಹತ್ತರಿ ಹಗುರವಾಗಿ ಓಡುತ್ತದೆ. ಹಳೆಯ ಮನೆಗಳಿಂದ ಬಿಚ್ಚಿದ ತೇಗದಲ್ಲಿ ಮೊಳೆಗಳು ಅಡಗಿರುತ್ತವೆ. ಹತ್ತರಿ ಹಾಕುವ ಮುನ್ನ ಆಯಸ್ಕಾಂತದಿಂದ ಹಲಗೆಯನ್ನು ಪರೀಕ್ಷಿಸಬೇಕು.

ಮಳೆಗಾಲದ ಬಾಗಿಲು

ಜುಲೈ ತಿಂಗಳಲ್ಲಿ ಬಡಗಿಗೆ ಹೆಚ್ಚಾಗಿ ಬರುವ ಕರೆ ಬಿಗಿಯಾದ ಬಾಗಿಲಿನದು. ಇಲ್ಲಿ ಅವಸರ ಸಲ್ಲದು. ಮೊದಲು ತಿರುಗಣಿಯ ಸ್ಕ್ರೂಗಳು ಸಡಿಲವಾಗಿವೆಯೇ ಎಂದು ನೋಡಬೇಕು. ಅನೇಕ ಬಾಗಿಲುಗಳು ಜೋತುಬಿದ್ದೇ ಬಿಗಿಯಾಗಿರುತ್ತವೆ. ಮರವೇ ಹಿಗ್ಗಿದ್ದರೆ ತಾಗುವ ಜಾಗವನ್ನು ಮಾತ್ರ ಗುರುತಿಸಿ ತೆಳ್ಳಗೆ ಇಳಿಸಬೇಕು. ಮಳೆಗಾಲದಲ್ಲಿ ಸಲೀಸಾಗಿ ತೆರೆಯುವಂತೆ ಧಾರಾಳವಾಗಿ ಇಳಿಸಿದ ಬಾಗಿಲಿನಲ್ಲಿ ಮಾರ್ಚ್ ಹೊತ್ತಿಗೆ ಬೆರಳು ತೂರುವ ಸಂದು ಬಿಡುತ್ತದೆ. ಬಾಗಿಲಿನ ಮೇಲಿನ, ಕೆಳಗಿನ ಅಂಚುಗಳಲ್ಲಿ ತುದಿಯಿಂದ ನಡುವಿಗೆ ಹತ್ತರಿ ಹಾಕಬೇಕು. ಹೊರಕ್ಕೆ ತಳ್ಳಿದರೆ ಮೂಲೆ ಸಿಡಿದು ಹೋಗುತ್ತದೆ. ಇಳಿಸಿದ ಅಂಚಿಗೆ ಬಣ್ಣ ಅಥವಾ ವಾರ್ನಿಷ್ ಹಚ್ಚದೆ ಬಿಟ್ಟರೆ ಅದು ತೇವ ಹೀರಿ ಮತ್ತೆ ಬಿಗಿಯಾಗುತ್ತದೆ.

ಸರ್ಕಾರದ ನೆರವು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಬಡಗಿತನವೂ ಒಂದು. 18 ವರ್ಷ ತುಂಬಿದ, ಕೈಯಿಂದ ಸಲಕರಣೆ ಹಿಡಿದು ಸ್ವಂತ ದುಡಿಯುವವರು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬಹುದು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಮೂಲ ತರಬೇತಿ 5ರಿಂದ 7 ದಿನಗಳದು, ದಿನಕ್ಕೆ 500 ರೂಪಾಯಿ ಭತ್ಯೆ ಇದೆ. ಸಲಕರಣೆಗಳಿಗಾಗಿ 15,000 ರೂಪಾಯಿಯವರೆಗೆ ನೆರವು, ಬಳಿಕ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿ ಸಾಲ ದೊರೆಯುತ್ತದೆ. ಕ್ರಮಬದ್ಧವಾಗಿ ಕಲಿಯಬಯಸುವವರಿಗೆ ಕೈಗಾರಿಕಾ ತರಬೇತಿ ಪಠ್ಯಕ್ರಮದಲ್ಲಿ ಬಡಗಿ ವೃತ್ತಿಯ ಒಂದು ವರ್ಷದ ಶಿಕ್ಷಣವಿದೆ.

ನೆರವಿನ ಹಣವನ್ನು ವಿದ್ಯುತ್ ಯಂತ್ರವೊಂದಕ್ಕೇ ವೆಚ್ಚ ಮಾಡುವ ಮುನ್ನ ಯೋಚಿಸುವುದು ಒಳ್ಳೆಯದು. ಹತ್ತರಿ, ಎರಡು ಬದಿಯ ಕಲ್ಲು, ಮೂಲೆಮಟ್ಟ, ಮೂರು ಅಳತೆಯ ಉಳಿಗಳು, ಒಂದು ಒಳ್ಳೆಯ ಗರಗಸ, ಇಷ್ಟಿದ್ದರೆ ಬಾಗಿಲು ಚೌಕಟ್ಟಿನ ಕೆಲಸವನ್ನು ಆರಂಭಿಸಬಹುದು.

ನೆನಪಿಡಬೇಕಾದ ಅಂಶಗಳು

* ವೃತ್ತಿಗೆ ಬರುವವರಿಗೆ ಮೊದಲ ಹತ್ತರಿ 5ನೇ ನಂಬರ್, ಹವ್ಯಾಸಿಗಳಿಗೆ 4ನೇ ನಂಬರ್. ಎರಡನೆಯ ಖರೀದಿ ಬ್ಲಾಕ್ ಪ್ಲೇನ್.

* ಹತ್ತರಿಯೊಡನೆ ಮಸೆಯುವ ಕಲ್ಲನ್ನೂ ಅದೇ ದಿನ ಕೊಳ್ಳಬೇಕು.

* ಚೆನ್ನಾಗಿ ಒಣಗಿದ ಮರಕ್ಕೆ ಮಾತ್ರ ಹತ್ತರಿ ಹಾಕಬೇಕು. ಒಂದು ಅಂಗುಲ ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಸುಮಾರು ಒಂದು ವರ್ಷ ಎಂಬುದು ವಾಡಿಕೆಯ ಲೆಕ್ಕ.

* ತೇಗ, ಬೀಟೆ ಕೊಂಡಾಗ ರಸೀದಿ ಹಾಗೂ ಸಾಗಣೆ ಪರವಾನಗಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಕಾಗದವಿಲ್ಲದ ಮರ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು.

* ಕೆಲಸ ಮುಗಿದ ಮೇಲೆ ಸಿಪ್ಪೆ ಕೊಡವಿ, ಎಣ್ಣೆ ಬಟ್ಟೆಯಿಂದ ಒರೆಸಿ, ತಳ ನೆಲಕ್ಕೆ ತಾಗದಂತೆ ಎರಡು ರೀಪುಗಳ ಮೇಲೆ ಇಡಬೇಕು. ಮಳೆಗಾಲದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಹತ್ತರಿ ವಾರದೊಳಗೆ ತುಕ್ಕು ಹಿಡಿಯುತ್ತದೆ.